ರಾಣಿ ಬರೆದ ರಾಜ

ರಷ್ಯದ ಸಾಮ್ರಾಜ್ಞಿ ಎರಡನೆಯ ಕ್ಯಾಥರೀನಳ ಆತ್ಮಕಥನವನ್ನು ಓದಿದವರು ಅದರಲ್ಲಿ ಬರುವ ಇಲಿಯ ಪ್ರಸಂಗವನ್ನು ಮರೆಯಲಾರರು. ಆಕೆಯ ಪತಿ, ಮುಂದೆ ಮೂರನೆಯ ಪೀಟರ್ ಎನಿಸಿದ ಯುವರಾಜ, ಆಟದ ಕೋಟೆಯೊಂದಕ್ಕೆ ಗಂಜಿಯಿಂದ ಮಾಡಿದ ಸಿಪಾಯಿಗಳನ್ನು ಕಾವಲಿಟ್ಟಿದ್ದ. ಅವರಲ್ಲಿಬ್ಬರನ್ನು ಇಲಿ ತಿಂದಿತು. ಯುವರಾಜ ಸೇನೆಯ ಕಾನೂನಿನಂತೆ ಅದನ್ನು ನೇಣಿಗೇರಿಸಿದ! ಕ್ಯಾಥರೀನಳಿಗೆ ನಗು ತಡೆಯಲಿಲ್ಲ, ಪತಿ ಮುನಿದ. ತಾನು ಹೆಂಗಸು, ಸೇನೆಯ ಕಾನೂನನ್ನು ಅರಿಯೆ ಎಂದು ನೆಪ ಹೇಳಿ ಆಕೆ ಹೊರಬಿದ್ದಳು.

ಬರವಣಿಗೆ ಎಂದರೆ ಇದು. ಒಂದು ಕಟುನುಡಿಯಿಲ್ಲದೆ, ಒಂದು ಇಲಿಯಿಂದಲೇ, ಒಬ್ಬ ಅರಸು ಎಂದೆಂದಿಗೂ ನಗೆಪಾಟಲಾದ. ಆದರೆ 1762ರಲ್ಲಿ ಕಾವಲು ದಂಡಿನ ಸಮವಸ್ತ್ರ ತೊಟ್ಟು, ಕುದುರೆಯೇರಿ, ಸೈನ್ಯದ ಮುಂದೆ ನಿಂತು ಗಂಡನ ಮೇಲೆ ನಡೆದವಳೂ ಇದೇ ಹೆಂಗಸು ಎಂಬುದನ್ನು ನೆನೆದಾಗ ಆ ನೆಪಕ್ಕೆ ಬೇರೆಯೇ ಅರ್ಥ ಬರುತ್ತದೆ.

ಪೀಟರ್ ದುರ್ಬಲನೆಂಬುದು ಸುಳ್ಳಲ್ಲ. ದಂಗೆಯ ದಿನ ಅವನು ಹೊತ್ತು ಕಳೆದ. ಕೊನೆಗೆ ಕ್ರಾನ್‌ಸ್ಟಾಟ್ ಕೋಟೆಗೆ ಹೋದಾಗ ಕಾವಲಿನವರು ಒಳಗೆ ಬಿಡಲಿಲ್ಲ. ಮರುದಿನ ಸಿಂಹಾಸನ ತ್ಯಾಗಕ್ಕೆ ಸಹಿ ಹಾಕಿದ. ಒಪ್ಪೋಣ. ಆದರೆ ಆಳಿದ ಆರು ತಿಂಗಳಲ್ಲಿ ಅವನು ಇಲಿಯನ್ನು ಮಾತ್ರ ನೇಣು ಹಾಕುತ್ತಿದ್ದನೆ? ಶ್ರೀಮಂತರನ್ನು ಕಡ್ಡಾಯ ರಾಜಸೇವೆಯಿಂದ ಬಿಡಿಸಿದ. ಜನ ನಡುಗುತ್ತಿದ್ದ ಗುಪ್ತ ವಿಚಾರಣಾ ಕಚೇರಿಯನ್ನು ರದ್ದುಪಡಿಸಿದ. ಪ್ರಷ್ಯದೊಡನೆ ಸಂಧಿ ಮಾಡಿಕೊಂಡ. ಮಠಗಳ ಭೂಮಿಗೆ ಕೈಯಿಟ್ಟ. ಶತ್ರುವಿನೊಡನೆ ಸಂಧಿ, ಧರ್ಮಕ್ಕೆ ಅಪಾಯ, ಇವೇ ರಾಣಿ ತನ್ನ ಘೋಷಣೆಯಲ್ಲಿ ಹೊರಿಸಿದ ಅಪರಾಧಗಳು. ಮುಂದೆ ಆದುದೇನು? 1764ರಲ್ಲಿ ಆಕೆಯೇ ಪ್ರಷ್ಯದೊಡನೆ ಮೈತ್ರಿ ಮಾಡಿಕೊಂಡಳು. ಅದೇ ವರ್ಷ ಮಠಗಳ ಭೂಮಿಯನ್ನು ಸರಕಾರಕ್ಕೆ ಸೇರಿಸಿದಳು. 1785ರಲ್ಲಿ ಶ್ರೀಮಂತರಿಗೆ ಅದೇ ಸ್ವಾತಂತ್ರ್ಯವನ್ನು ಸನದು ಕೊಟ್ಟು ದೃಢಪಡಿಸಿದಳು. ಗಂಡನನ್ನು ತಳ್ಳಿದಳು, ಗಂಡನ ರಾಜನೀತಿಯನ್ನು ಇಟ್ಟುಕೊಂಡಳು.

ಇದಾವುದೂ ಆತ್ಮಕಥನದಲ್ಲಿಲ್ಲ. ಅದು ಪೀಟರ್ ಪಟ್ಟಕ್ಕೆ ಬರುವ ಮೊದಲೇ, 1759ರ ಸುಮಾರಿಗೆ ನಿಂತುಹೋಗುತ್ತದೆ. ಹೀಗಾಗಿ ಹುಡುಗಾಟದ ಯುವರಾಜನೇ ನಮ್ಮ ಮನಸ್ಸಿನಲ್ಲಿ ರಾಜನಾಗಿ ಕೂರುತ್ತಾನೆ. ಪದಚ್ಯುತನಾದ ಹತ್ತು ದಿನದೊಳಗೆ ಅವನು ರೋಪ್ಷಾದ ಸೆರೆಯಲ್ಲಿ ಸತ್ತ. ಮೂಲವ್ಯಾಧಿಯಿಂದ ಬಂದ ಶೂಲೆ ಎಂದು ಪ್ರಕಟಿಸಿದರು. ನಮ್ಮ ಶಾಸ್ತ್ರಕಾರರು ಖಂಡಿಸುವ ಮೊದಲು ಎದುರಾಳಿಯ ಪೂರ್ವಪಕ್ಷವನ್ನು ಹೇಳುತ್ತಿದ್ದರು. ಇಲ್ಲಿ ಸಿದ್ಧಾಂತವಷ್ಟೇ ಇದೆ, ಅದೂ ಬಹು ಸೊಗಸಾಗಿ.

ಫ್ರೆಂಚಿನಲ್ಲಿ ಬರೆದ ಈ ಕಥನವನ್ನು 1859ರಲ್ಲಿ ಲಂಡನ್ನಿನಲ್ಲಿ ಹೆರ್ಜೆನ್ ಪ್ರಕಟಿಸಿದ. ಪೀಟರನೇ ಪಾಲನ ತಂದೆಯೇ ಎಂಬ ಸಂದೇಹವನ್ನೂ ಅದು ಓದುಗನಲ್ಲಿ ಬಿತ್ತುತ್ತದೆ. ಆ ಪಾಲ್ ಮಾತ್ರ, 1796ರಲ್ಲಿ ತಾಯಿ ತೀರಿದೊಡನೆ, ಪಟ್ಟಾಭಿಷೇಕವಿಲ್ಲದೆ ಸತ್ತ ಪೀಟರನ ಶವವನ್ನು ಸಮಾಧಿಯಿಂದ ತೆಗೆಸಿ, ಪೆಟ್ಟಿಗೆಯ ಮೇಲೆ ಕಿರೀಟವಿಟ್ಟು, ರಾಣಿಯ ಪಕ್ಕದಲ್ಲೇ ಮಣ್ಣುಮಾಡಿಸಿದ.