'ಹಾಫ್-ಲೈಫ್': ಒಂದು ಪುನರ್ವಿಮರ್ಶೆ

೧

ಕಾವ್ಯವೊಂದರ ಬೆಲೆಯು ಮೊದಲನೆಯ ಓದಿನಲ್ಲಿಯೇ ನಿಶ್ಚಯವಾಗತಕ್ಕದ್ದಲ್ಲ. ಮುಂದೇನಾಗುವುದೋ ಎಂಬ ಕುತೂಹಲವು ತೀರಿದ ಮೇಲೆ ಓದುಗನು ಮತ್ತೊಮ್ಮೆ ಅದರ ಬಳಿಗೆ ಬಂದಾಗ ಅಲ್ಲಿ ಏನು ಉಳಿದಿರುತ್ತದೆಯೋ ಅದೇ ಅದರ ಸತ್ತ್ವವು. ಗಣಕಯಂತ್ರದ ಆಟಗಳಿಗೆ ಈ ಪರೀಕ್ಷೆಯು ಇನ್ನೂ ಕಠಿನವಾದುದು. ಅವುಗಳ ಚಿತ್ರಗಳು ಬೇಗನೆ ಹಳತಾಗುತ್ತವೆ. ಅವನ್ನು ನಡೆಯಿಸುವ ಯಂತ್ರಗಳು ಬದಲಾಗುತ್ತವೆ. ಒಮ್ಮೆ ಬೆರಗುಗೊಳಿಸಿದ ಕೌಶಲವು ಅನಂತರ ಬಂದ ನೂರಾರು ಆಟಗಳಲ್ಲಿ ಸಾಮಾನ್ಯವಾಗಿಬಿಡುತ್ತದೆ. ಅಮೆರಿಕದ ವಾಲ್ವ್ ಸಂಸ್ಥೆಯು ೧೯೯೮ನೆಯ ನವೆಂಬರಿನಲ್ಲಿ ಹೊರತಂದ 'ಹಾಫ್-ಲೈಫ್' ಎಂಬ ವಿಜ್ಞಾನಕಥೆಯ ಶೂಟರ್ ಆಟವು ಈ ಪರೀಕ್ಷೆಗೆ ಒಡ್ಡಲು ಯೋಗ್ಯವಾದ ಕೃತಿ. ಅದರ ಹೆಸರೇ ಇದಕ್ಕೆ ಎಡೆಮಾಡಿಕೊಡುತ್ತದೆ. ವಿಕಿರಣಶೀಲವಾದ ಧಾತುವಿನ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲಕ್ಕೆ ಭೌತವಿಜ್ಞಾನದಲ್ಲಿ ಅರ್ಧಾಯುವೆಂದು ಹೆಸರು. ೨೦೨೩ರಲ್ಲಿ, ಇಪ್ಪತ್ತೈದು ವರ್ಷಗಳು ತುಂಬಿದ ಸಂದರ್ಭದಲ್ಲಿ, ಸಂಸ್ಥೆಯು ಆಟವನ್ನು ಪರಿಷ್ಕರಿಸಿ ಮತ್ತೆ ಮುಂದಿಟ್ಟಿತು. ಆದಕಾರಣ, ಅದರಲ್ಲಿ ಕ್ಷಯಿಸಿದುದೆಷ್ಟು, ಉಳಿದುದೆಷ್ಟು ಎಂಬುದನ್ನು ಎಣಿಸಲು ಈಗ ಕಾಲವು ಒದಗಿದೆಯೆನ್ನಬಹುದು.

ಈ ಪರಿಶೀಲನೆಗೆ ಒರೆಗಲ್ಲುಗಳನ್ನು ದೂರ ಹೋಗಿ ಹುಡುಕಬೇಕಾದುದಿಲ್ಲ. ನಡೆಯುವವನ ಹೆಜ್ಜೆಯಿಂದ ಕಥೆಯನ್ನು ಹೇಳಿಸುವ ಕಲೆಯು ಹಂಪೆಯ ಗೋಡೆಗಳ ಮೇಲಿದೆ. ಒಲ್ಲೆನೆಂದು ಹೇಳಿ ದೊಡ್ಡವನಾದ ವೀರನ ಕಥೆಯು ಕಂಪ್ಲಿ, ಸಂಡೂರುಗಳ ಸೀಮೆಯಲ್ಲಿ ಹುಟ್ಟಿದೆ. ಯಂತ್ರವು ಕೈಕೊಟ್ಟಾಗ ಅದನ್ನು ಯಾರು ಸರಿಪಡಿಸುತ್ತಾರೆಂಬುದನ್ನು ಹೊಸಪೇಟೆಯ ಅಣೆಕಟ್ಟು ಸಮೀಪಕಾಲದಲ್ಲಿಯೇ ತೋರಿಸಿದೆ. ಈ ಮೂರನ್ನೂ ಎದುರಿಗಿಟ್ಟುಕೊಂಡು ನೋಡಿದರೆ ಪರದೇಶದ ಈ ಆಟದ ಗುಣದೋಷಗಳೆರಡೂ ಸ್ಪಷ್ಟವಾಗುತ್ತವೆ.

೨

ಕಥೆಯು ಸರಳವಾದುದು. ನ್ಯೂ ಮೆಕ್ಸಿಕೋ ಪ್ರಾಂತದ ಮರುಭೂಮಿಯಲ್ಲಿ ಬ್ಲ್ಯಾಕ್ ಮೆಸಾ ಎಂಬ ಭೂಗರ್ಭದ ಸಂಶೋಧನಾಲಯವಿದೆ. ಅಲ್ಲಿಯ ತರುಣ ಭೌತವಿಜ್ಞಾನಿಯಾದ ಗಾರ್ಡನ್ ಫ್ರೀಮನ್ನನು ಒಂದು ಬೆಳಿಗ್ಗೆ ಕೆಲಸಕ್ಕೆ ಬಂದು, ಮೇಲಿನವರ ಆಜ್ಞೆಯಂತೆ ಒಂದು ಖನಿಜದ ತುಣುಕನ್ನು ಯಂತ್ರದೊಳಕ್ಕೆ ನೂಕುತ್ತಾನೆ. ಆ ಕ್ಷಣದಲ್ಲಿ ಝೆನ್ ಎಂಬ ಬೇರೊಂದು ಲೋಕಕ್ಕೂ ಈ ಲೋಕಕ್ಕೂ ನಡುವಣ ಕದವು ಒಡೆದು, ವಿಚಿತ್ರಪ್ರಾಣಿಗಳು ಒಳನುಗ್ಗುತ್ತವೆ. ಬದುಕುಳಿದವರನ್ನು ರಕ್ಷಿಸಲು ಸೈನ್ಯವು ಬರುವುದೆಂದು ಎಲ್ಲರೂ ಕಾಯುತ್ತಾರೆ. ಸೈನ್ಯವು ಬರುತ್ತದೆ, ಆದರೆ ಸಾಕ್ಷಿಗಳಾರೂ ಉಳಿಯದಂತೆ ವಿಜ್ಞಾನಿಗಳನ್ನೇ ಕೊಲ್ಲತೊಡಗುತ್ತದೆ. ಫ್ರೀಮನ್ನನು ಮೊದಲು ಒಂದು ಹಾರೆಯನ್ನೂ ಅನಂತರ ಬಗೆಬಗೆಯ ಆಯುಧಗಳನ್ನೂ ಹಿಡಿದು ಇವೆರಡರ ನಡುವೆ ದಾರಿಮಾಡಿಕೊಂಡು, ಕೊನೆಗೆ ಆ ಅನ್ಯಲೋಕಕ್ಕೇ ಹೋಗಿ ಅಲ್ಲಿಯ ಒಡೆಯನನ್ನು ಸಂಹರಿಸುತ್ತಾನೆ.

ಕಥಾವಸ್ತುವಿಗಿಂತ ಅದನ್ನು ಹೇಳಿರುವ ರೀತಿಯು ಮುಖ್ಯವಾದುದು. ೧೯೯೩ರ 'ಡೂಮ್' ಮೊದಲಾದ ಹಿಂದಿನ ಆಟಗಳಲ್ಲಿ ಕಥೆಯೆಂಬುದು ಘಟ್ಟಘಟ್ಟಗಳ ನಡುವೆ ತೆರೆಯ ಮೇಲೆ ಮೂಡುವ ನಾಲ್ಕು ಸಾಲುಗಳ ಬರಹವಾಗಿದ್ದಿತು. 'ಹಾಫ್-ಲೈಫ್' ಅದನ್ನು ತೊರೆಯಿತು. ಅದರ ಕಥೆಯನ್ನು ರೂಪಿಸುವುದರಲ್ಲಿ ಕಾದಂಬರಿಕಾರನಾದ ಮಾರ್ಕ್ ಲೇಡ್‌ಲಾ ಎಂಬಾತನ ಕೈಯಿದ್ದಿತು; ಆದರೂ ಅಲ್ಲಿ ನಿರೂಪಕನೆಂಬವನೇ ಇಲ್ಲ. ಆಟದ ಮೊದಲಿನಿಂದ ಕೊನೆಯವರೆಗೆ ನೋಟವು ಫ್ರೀಮನ್ನನ ಕಣ್ಣನ್ನು ಬಿಟ್ಟು ಹೊರಗೆ ಹೋಗುವುದಿಲ್ಲ. ಅವನು ಒಂದು ಮಾತನ್ನೂ ಆಡುವುದಿಲ್ಲ. ಆರಂಭದ ಟ್ರಾಮ್ ಪ್ರಯಾಣವೇ ಇದಕ್ಕೆ ಉತ್ತಮ ನಿದರ್ಶನ. ಕೆಲವು ನಿಮಿಷಗಳ ಕಾಲ ಆಟಗಾರನು ಮಾಡಬಹುದಾದುದು ನೋಡುವುದೊಂದೇ. ಕೆಲಸದಲ್ಲಿ ತೊಡಗಿರುವ ಯಂತ್ರಗಳು, ಬಾಗಿಲು ತಟ್ಟುತ್ತ ನಿಂತ ಒಬ್ಬ ಕಾವಲುಗಾರ, ಪಕ್ಕದ ಹಳಿಯ ಬಂಡಿಯಲ್ಲಿ ಕೈಪೆಟ್ಟಿಗೆಯೊಡನೆ ನಿಂತ ಅಪರಿಚಿತ ಪುರುಷ, ನೌಕರರಿಗೆ ನಿಯಮಗಳನ್ನು ಸಾರುವ ಧ್ವನಿ ಇವೆಲ್ಲವೂ ಕಿಟಕಿಯ ಹೊರಗೆ ಸಾಗಿಹೋಗುತ್ತವೆ. ಯಾವುದಕ್ಕೂ ವಿವರಣೆಯಿಲ್ಲ, ಎಲ್ಲವೂ ಮುಂದಕ್ಕೆ ಬೇಕಾಗುತ್ತದೆ.

ಹಂಪೆಯ ಹಜಾರರಾಮ ದೇವಾಲಯವನ್ನು ಸುತ್ತಿದವರಿಗೆ ಈ ಕ್ರಮವು ಹೊಸದೆನಿಸಲಾರದು. ಅಲ್ಲಿ ಮಂಟಪದ ಹೊರಗೋಡೆಗಳ ಮೇಲೆ ರಾಮಾಯಣವು ಮೂರು ಸಾಲುಗಳ ಉಬ್ಬುಚಿತ್ರಗಳಾಗಿ ಹರಡಿದೆ. ನಿಂತಲ್ಲಿ ನಿಂತು ನೋಡುವವನಿಗೆ ಅದು ಬಿಡಿಬಿಡಿಯಾದ ಆಕೃತಿಗಳ ಗುಂಪು. ಪ್ರದಕ್ಷಿಣೆ ಮಾಡುವವನಿಗೆ ಮಾತ್ರ ಅದು ಕಥೆ. ಸುತ್ತಿನಿಂದ ಸುತ್ತಿಗೆ, ಸಾಲಿನಿಂದ ಸಾಲಿಗೆ ಕಥೆಯನ್ನು ಮುಂದುವರಿಸುವವನು ಶಿಲ್ಪಿಯಲ್ಲ, ನಡೆಯುವ ಭಕ್ತನು. ಇಲ್ಲಿ ಗಮನಿಸತಕ್ಕ ಇನ್ನೊಂದು ವಿಷಯವಿದೆ. ಆ ಗೋಡೆಯ ಮುಂದೆ ಬಂದವರಿಗೆಲ್ಲ ರಾಮಾಯಣವು ಮೊದಲೇ ತಿಳಿದಿತ್ತು. ಶಿಲ್ಪಿಯು ಕುತೂಹಲವನ್ನು ನೆಚ್ಚಲಿಲ್ಲ. ತಿಳಿದ ಕಥೆಯನ್ನು ಮತ್ತೆ ಕಾಣುವವನಿಗಾಗಿಯೇ ಕಂಡರಿಸಿದನು. 'ಹಾಫ್-ಲೈಫ್' ಕೂಡ ಅಂತಹ ಮರುನೋಟವನ್ನು ತಾಳಬಲ್ಲದೇ ಎಂಬುದೇ ಇಲ್ಲಿಯ ಪ್ರಶ್ನೆ.

೩

ಮೊದಲನೆಯ ಆಟದಲ್ಲಿ ಭಯಾನಕ ಮತ್ತು ವೀರ ಈ ಎರಡು ರಸಗಳು ಮೇಲುಗೈಯಾಗಿರುತ್ತವೆ. ಮರಳಿ ಆಡುವವನಲ್ಲಿ ಇವೆರಡೂ ಕುಂದುತ್ತವೆ. ಯಾವ ಮೂಲೆಯಲ್ಲಿ ಯಾವ ಪ್ರಾಣಿಯು ಅಡಗಿದೆಯೆಂಬುದನ್ನು ಬಲ್ಲವನಿಗೆ ಭಯವಿಲ್ಲ. ಭಯವಿಲ್ಲದೆಡೆಯಲ್ಲಿ ಉತ್ಸಾಹಕ್ಕೂ ತೀವ್ರತೆಯಿಲ್ಲ. ಸೈನಿಕರು ಪರಸ್ಪರ ಕೂಗಿ ಸೂಚನೆಕೊಡುತ್ತ, ಬಾಂಬೆಸೆದು, ಬಳಸಿ ಬಂದು ಮುತ್ತುವ ಕೌಶಲವು ೧೯೯೮ರಲ್ಲಿ ಬಹಳ ಶ್ಲಾಘನೆಗೆ ಪಾತ್ರವಾಗಿದ್ದಿತು. ಇಂದು ಅದು ಚರಿತ್ರೆಯ ವಿಷಯ ಮಾತ್ರ. ಕ್ಷಯಿಸಿದ ಅರ್ಧವು ಇದೇ.

ಉಳಿದ ಅರ್ಧದಲ್ಲಿ ಮೊದಲು ಎಣಿಸಬೇಕಾದುದು ಸ್ಥಳದ ರಚನೆ. ಅನಾಹುತಕ್ಕೆ ಮುನ್ನ ಯಾವ ಪಡಸಾಲೆ, ಯಾವ ಓಣಿಗಳಲ್ಲಿ ಫ್ರೀಮನ್ನನು ಸಹೋದ್ಯೋಗಿಗಳ ನಡುವೆ ನಡೆದುಬಂದನೋ, ಅನಾಹುತದ ಅನಂತರ ಅದೇ ದಾರಿಯಲ್ಲಿ ಅವನು ಹಿಂದಿರುಗಬೇಕಾಗುತ್ತದೆ. ದೀಪಗಳು ಆರಿವೆ, ಗಾಜುಗಳು ಒಡೆದಿವೆ, ಆಗತಾನೆ ಮಾತನಾಡಿಸಿದವರು ಬಿದ್ದಿದ್ದಾರೆ. ಇಲ್ಲಿ ಕೃತಿಯು ತನ್ನೊಳಗೇ ಒಂದು ಪುನರ್ದರ್ಶನವನ್ನು ಇಟ್ಟುಕೊಂಡಿದೆ. ಕಥೆಯನ್ನು ಬಲ್ಲವನು ಮೊದಲ ನಡಿಗೆಯಲ್ಲಿಯೇ ಎರಡನೆಯದನ್ನು ಕಾಣುವುದರಿಂದ, ಆರಂಭದ ಹಗುರವಾದ ಹರಟೆಯೆಲ್ಲವೂ ಅವನಿಗೆ ಕರುಣದಿಂದ ತೊಯ್ದಂತೆ ತೋರುತ್ತದೆ.

ಎರಡನೆಯದಾಗಿ, ಆಯುಧವು ನಿಷ್ಪ್ರಯೋಜಕವಾಗುವ ಎಡೆಗಳು. ಕ್ಷಿಪಣಿಯ ಯಂತ್ರವನ್ನು ಪರೀಕ್ಷಿಸುವ ಆಳವಾದ ಗುಂಡಿಯೊಂದರಲ್ಲಿ ಮೂರು ಬೃಹತ್ಕರಗಳು ಮೇಲೆದ್ದಿವೆ. ಅವಕ್ಕೆ ಕಣ್ಣಿಲ್ಲ, ಸದ್ದನ್ನು ಕೇಳಿ ಅಪ್ಪಳಿಸುತ್ತವೆ. ಗುಂಡು ಹಾರಿಸಿದವನೇ ಅಲ್ಲಿ ಸಾಯುತ್ತಾನೆ. ಕುಗ್ಗಿ, ಮೆಲ್ಲಗೆ ಹೆಜ್ಜೆಯಿಟ್ಟು ಹೋಗಿ, ಇಂಧನ, ಪ್ರಾಣವಾಯು, ವಿದ್ಯುತ್ತು ಇವು ಮೂರನ್ನೂ ಒದಗಿಸಿ ಆ ಯಂತ್ರವನ್ನು ಹೊತ್ತಿಸಿದರೆ ಮಾತ್ರ ದಾರಿಯುಂಟು. ಗುಂಡು ಹಾರಿಸುವುದೇ ಉದ್ದೇಶವಾದ ಆಟವು ಹೀಗೆ ಮೌನವನ್ನೂ ಸಾವಧಾನವನ್ನೂ ಕಲಿಸುವ ಈ ಪ್ರಕರಣವು ಎಷ್ಟು ಸಲ ಆಡಿದರೂ ಸವೆಯುವುದಿಲ್ಲ.

೪

ಮರುನೋಟದಲ್ಲಿ ತೆರೆಯುವ ಅತ್ಯಂತ ಮುಖ್ಯವಾದ ಅರ್ಥವು ಶತ್ರುಗಳಿಗೆ ಸಂಬಂಧಪಟ್ಟುದು. ಕಥೆಯ ನಡುಭಾಗದಲ್ಲಿ ಫ್ರೀಮನ್ನನು ಒಂದು ಪ್ರಯೋಗಶಾಲೆಯನ್ನು ಹೊಗುತ್ತಾನೆ. ಅಲ್ಲಿ ಅನ್ಯಲೋಕದ ಪ್ರಾಣಿಗಳು ಬೋನುಗಳಲ್ಲಿವೆ. ಅವುಗಳ ಮೇಲೆ ಪ್ರಯೋಗಗಳು ಈ ಅನಾಹುತಕ್ಕೆ ಬಹಳ ಮೊದಲಿನಿಂದ ನಡೆಯುತ್ತ ಬಂದಿವೆ. ಎಂದರೆ, ಕದವನ್ನು ಮೊದಲು ತಟ್ಟಿದವರು ಆ ಪ್ರಾಣಿಗಳಲ್ಲ. ಇದನ್ನು ಯಾವ ಪಾತ್ರವೂ ಬಾಯಿಬಿಟ್ಟು ವಿವರಿಸುವುದಿಲ್ಲ. ಧ್ವನಿಯಿಂದ ಮಾತ್ರ ತಿಳಿಯತಕ್ಕದ್ದು.

ಇದರ ಪರಿಪಾಕವು ಕೊನೆಯ ಭಾಗದಲ್ಲಿದೆ. ಕೈಗಳಿಂದ ಮಿಂಚನ್ನು ಹೊಮ್ಮಿಸುವ ಒಂದು ಜಾತಿಯ ಪ್ರಾಣಿಗಳನ್ನು ಆಟಗಾರನು ಮೊದಲಿನಿಂದಲೂ ಕೊಲ್ಲುತ್ತ ಬಂದಿರುತ್ತಾನೆ. ಅವುಗಳ ಕೊರಳಿನಲ್ಲಿ ಪಟ್ಟಿಯೂ ಮುಂಗೈಗಳಲ್ಲಿ ಬೇಡಿಗಳೂ ಇರುವುದನ್ನು ಹೋರಾಟದ ಆತುರದಲ್ಲಿ ಅವನು ಲಕ್ಷಿಸಿರುವುದಿಲ್ಲ. ಝೆನ್ ಲೋಕದ ಕಾರ್ಖಾನೆಯಲ್ಲಿ ಅವೇ ಪ್ರಾಣಿಗಳು ಊಳಿಗದವರಾಗಿ ದುಡಿಯುತ್ತಿರುವುದು ಕಾಣಬರುತ್ತದೆ. ಅವುಗಳಲ್ಲಿ ಕೆಲವು, ತಾವಾಗಿ ಕೆಣಕಿದ ಹೊರತು ಮೇಲೆ ಬೀಳುವುದಿಲ್ಲ. ಮೊದಲನೆಯ ಸಲ ಆಡುವವನು ಅಭ್ಯಾಸಬಲದಿಂದ ಗುಂಡು ಹಾರಿಸುತ್ತಾನೆ, ಅವು ತಿರುಗಿಬೀಳುತ್ತವೆ, ಶತ್ರುಗಳೆಂಬ ಅವನ ನಂಬಿಕೆಯು ದೃಢವಾಗುತ್ತದೆ. ಎರಡನೆಯ ಸಲ ಬಂದವನು ಆಯುಧವನ್ನು ತಗ್ಗಿಸಿ ನಿಲ್ಲುತ್ತಾನೆ. ಅವು ತಮ್ಮ ಪಾಡಿಗೆ ತಾವು ಕೆಲಸಮಾಡಿಕೊಂಡಿರುತ್ತವೆ. ಕೃತಿಯು ಇದಕ್ಕೆ ಬಹುಮಾನವನ್ನು ಕೊಡುವುದಿಲ್ಲ, ಹಾಗೆ ಮಾಡೆಂದು ಹೇಳುವುದೂ ಇಲ್ಲ.

ನಾಟಕದ ಪ್ರೇಕ್ಷಕನು ರಂಗದ ಮೇಲಿನ ಕೊಲೆಗೆ ಹೊಣೆಯಲ್ಲ. ಆ ನಿರ್ಲಿಪ್ತತೆಯೇ ಅವನ ರಸಾನುಭವಕ್ಕೆ ಆಧಾರವೆಂದು ಆಲಂಕಾರಿಕರ ಮತ. ಇಲ್ಲಿಯಾದರೋ ಸಹೃದಯನೇ ಕರ್ತೃ. ಆದುದರಿಂದ ಈ ಕೃತಿಯ ಕರುಣವು ಇತರರ ದುಃಖವನ್ನು ಕಂಡು ಹುಟ್ಟುವ ಕರುಣವಷ್ಟೇ ಅಲ್ಲ. ತಾನು ಮಾಡಿದುದನ್ನು ನೆನೆದು ಹುಟ್ಟುವ ಪಶ್ಚಾತ್ತಾಪವೂ ಅದರಲ್ಲಿ ಬೆರೆತಿದೆ. ಗ್ರಂಥದಲ್ಲಿಯೂ ರಂಗದಲ್ಲಿಯೂ ಈ ಬಗೆಯ ಅನುಭವವು ದೊರೆಯುವುದು ಕಷ್ಟ. ೨೦೦೪ರ ಎರಡನೆಯ 'ಹಾಫ್-ಲೈಫ್' ಆಟದಲ್ಲಿ ಇದೇ ಪ್ರಾಣಿಗಳು ಮನುಷ್ಯರ ಮಿತ್ರರಾಗಿ ಬರುತ್ತವೆ. ಅದನ್ನು ಬಲ್ಲವನು ಮೊದಲಿನದಕ್ಕೆ ಹಿಂದಿರುಗಿದಾಗ ಹಾರೆಯ ಪ್ರತಿಯೊಂದು ಹೊಡೆತವೂ ಭಾರವಾಗುತ್ತದೆ.

೫

ಇಷ್ಟನ್ನು ಒಪ್ಪಿಕೊಂಡ ಮೇಲೆ ದೋಷಗಳನ್ನು ಮರೆಮಾಚುವುದು ವಿಮರ್ಶೆಯ ಧರ್ಮವಲ್ಲ. ಅಷ್ಟು ದೊಡ್ಡ ಸಂಶೋಧನಾಲಯದಲ್ಲಿ ವಿಜ್ಞಾನಿಯಾದ ಹೆಂಗಸೊಬ್ಬಳೂ ಇಲ್ಲ. ಶಿಕ್ಷಣಭಾಗದ ಛಾಯಾರೂಪದ ಮಾರ್ಗದರ್ಶಿಯನ್ನು ಬಿಟ್ಟರೆ, ಸ್ತ್ರೀಯರು ಕಪ್ಪುಡುಗೆಯ ಮೂಕ ಘಾತುಕಿಯರಾಗಿ ಮಾತ್ರ ಕಾಣಿಸಿಕೊಳ್ಳುತ್ತಾರೆ. ಕಾವಲುಗಾರರೆಲ್ಲರಿಗೂ ಒಂದೇ ಮುಖ. ಝೆನ್ ಲೋಕದ ಅಧ್ಯಾಯಗಳಲ್ಲಿ ಬಂಡೆಯಿಂದ ಬಂಡೆಗೆ ಹಾರುವ ಕಸರತ್ತು ಬೇಸರವನ್ನು ತರುತ್ತದೆ. ಅಭಿಮಾನಿಗಳು ಪುನಾರಚಿಸಿ ೨೦೨೦ರಲ್ಲಿ ಪೂರ್ಣಗೊಳಿಸಿದ 'ಬ್ಲ್ಯಾಕ್ ಮೆಸಾ' ಎಂಬ ಆಟದಲ್ಲಿ ಈ ಭಾಗವನ್ನೇ ಹೆಚ್ಚಾಗಿ ಹೊಸದಾಗಿ ಕಟ್ಟಿರುವುದು ಈ ಕೊರತೆಗೆ ಸಾಕ್ಷಿ.

ಇವಕ್ಕಿಂತ ಮೂಲಭೂತವಾದ ದೋಷವೊಂದಿದೆ. ವಿಜ್ಞಾನದ ಎಡವಟ್ಟಿನಿಂದ ಹುಟ್ಟಿದ ಕೇಡನ್ನು ವಿಜ್ಞಾನಿಯು ಬಹುಮಟ್ಟಿಗೆ ಕೊಲೆಯಿಂದಲೇ ತಿದ್ದಬೇಕಾಗುತ್ತದೆ. ಆಟದಲ್ಲಿ ಒಂದು ಅಣೆಕಟ್ಟೂ ಬರುತ್ತದೆ. ಆದರೆ ಅದು ಹೆಲಿಕಾಪ್ಟರಿನೊಡನೆ ಕಾದಾಡುವ ಕಟ್ಟೆ ಮಾತ್ರ. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನಲ್ಲಿ ೨೦೨೪ನೆಯ ಆಗಸ್ಟ್ ೧೦ರ ರಾತ್ರಿ ಸರಪಳಿಯು ಕಡಿದು, ಮೂವತ್ತಮೂರು ಗೇಟುಗಳಲ್ಲಿ ೧೯ನೆಯದು ಕೊಚ್ಚಿಹೋಯಿತು. ಹರಿಯುವ ನೀರಿನ ನಡುವೆಯೇ ಎಂಜಿನಿಯರುಗಳೂ ಕಾರ್ಮಿಕರೂ ಉಕ್ಕಿನ ಅಡ್ಡಹಲಗೆಗಳನ್ನು ಒಂದೊಂದಾಗಿ ಇಳಿಸಿ, ಒಂದು ವಾರದೊಳಗಾಗಿ ಆ ಬಾಯಿಯನ್ನು ಮುಚ್ಚಿದರು. ಯಂತ್ರದ ಕೇಡನ್ನು ನಿಜವಾಗಿ ತಿದ್ದುವುದು ಹಲವರ ಕೈಗೂಡಿದ ಕೆಲಸ. 'ಹಾಫ್-ಲೈಫ್' ಈ ಸತ್ಯವನ್ನು ಕ್ಷಿಪಣಿಯ ಗುಂಡಿಯ ಪ್ರಕರಣದಲ್ಲಿ ಮುಟ್ಟಿ, ಉಳಿದೆಡೆಯಲ್ಲಿ ಕೈಬಿಟ್ಟಿದೆ.

ಇನ್ನು ಮುಕ್ತಾಯ. ಆರಂಭದಲ್ಲಿ ಕೈಪೆಟ್ಟಿಗೆಯೊಡನೆ ಕಂಡ ಪುರುಷನು ಕೊನೆಯಲ್ಲಿ ಫ್ರೀಮನ್ನನ ಆಯುಧಗಳನ್ನು ಕಸಿದುಕೊಂಡು, ಅದೇ ಬಗೆಯ ಟ್ರಾಮಿನಲ್ಲಿ ನಿಲ್ಲಿಸಿ, ತನ್ನ ಯಜಮಾನರ ಊಳಿಗವನ್ನು ಮುಂದಿಡುತ್ತಾನೆ. ಒಪ್ಪಿದವನು ಬೆಳಕಿನ ಬಾಗಿಲನ್ನು ಹೊಕ್ಕು ಬದುಕುತ್ತಾನೆ. ಒಪ್ಪದವನು ನಿರಾಯುಧನಾಗಿ ಶತ್ರುಸಮೂಹದ ನಡುವೆ ಬೀಳುತ್ತಾನೆ. ಹೀಗೆ ಪ್ರದಕ್ಷಿಣೆಯು ಹೊರಟಲ್ಲಿಗೇ ಬಂದು ಮುಗಿಯುವುದು ರಚನೆಯ ದೃಷ್ಟಿಯಿಂದ ಸೊಗಸಾದುದು. ಅಷ್ಟು ಹೊತ್ತು ಸ್ವತಂತ್ರನೆಂದು ಭಾವಿಸಿದವನು ಇನ್ನೊಬ್ಬರ ಹಳಿಯ ಮೇಲೆಯೇ ಸಾಗಿದನೆಂಬ ವ್ಯಂಗ್ಯವೂ ತೀಕ್ಷ್ಣವಾದುದು. ಆದರೆ ಒಲ್ಲೆನೆಂಬ ಮಾತಿಗೆ ಇಲ್ಲಿ ಸೋಲಿನ ಹೊರತು ಬೇರೆ ಬೆಲೆಯಿಲ್ಲ.

ಕಂಪ್ಲಿಯ ಕುಮಾರರಾಮನ ಕಥೆಯನ್ನು ಇದರೊಡನೆ ಹೋಲಿಸಿ ನೋಡಬೇಕು. ೧೩೨೭ರಲ್ಲಿ ದಿಲ್ಲಿಯ ಸೈನ್ಯಕ್ಕೆ ಸಿಕ್ಕಿ ಅಳಿದ ಕಂಪಿಲಿಯ ಅರಸುಮನೆತನದ ಈ ವೀರನನ್ನು ನಂಜುಂಡಕವಿಯು ಸಾಂಗತ್ಯದಲ್ಲಿ ಹಾಡಿದ್ದಾನೆ. ಸಂಡೂರಿನ ಬೆಟ್ಟಗಳಲ್ಲಿಯೂ ಕುಮ್ಮಟದಲ್ಲಿಯೂ ಅವನ ನೆನಪು ಉಳಿದಿದೆ. ಚಿಕ್ಕತಾಯಿಯಾದ ರತ್ನಾಜಿಯ ಬಯಕೆಯನ್ನು ಅವನು ನಿರಾಕರಿಸುತ್ತಾನೆ. ಅದರಿಂದ ತಂದೆಯ ಕೋಪಕ್ಕೂ ಮರಣದಂಡನೆಗೂ ಗುರಿಯಾಗುತ್ತಾನೆ. ಮಂತ್ರಿ ಬೈಚಪ್ಪನು ಅವನನ್ನು ನೆಲಮಾಳಿಗೆಯಲ್ಲಿ ಅಡಗಿಸುತ್ತಾನೆ. ಶತ್ರುಗಳು ಮುತ್ತಿದಾಗ ಅವನು ಹೊರಬಂದು ಕಾದಿ ಮಡಿಯುತ್ತಾನೆ. ಅವನು ಗೆದ್ದ ಕಾಳಗಗಳಿಗಿಂತ ಅವನು ಒಲ್ಲೆನೆಂದ ಆ ಒಂದು ಗಳಿಗೆಯನ್ನು ನಾಡು ಹೆಚ್ಚಾಗಿ ನೆನೆದು, ಪರನಾರೀಸಹೋದರನೆಂದು ಕೊಂಡಾಡಿತು. ನಿರಾಕರಣೆಯು ಸಾವಿಗೆ ಎಳೆದರೂ ಅದು ಸೋಲಲ್ಲವೆಂಬ ಈ ತಿಳಿವು 'ಹಾಫ್-ಲೈಫ್' ಆಟದ ಕರ್ತೃಗಳಿಗೆ ಒದಗಲಿಲ್ಲ. ಕಾರ್ಖಾನೆಯಲ್ಲಿ ಗುಂಡು ಹಾರಿಸದೆ ನಿಲ್ಲುವ ಅವಕಾಶವನ್ನು ಮೌನವಾಗಿ ಕೊಟ್ಟ ಕೃತಿಯೇ, ಕೊನೆಯಲ್ಲಿ ಸೇವೆಗೆ ಒಲ್ಲೆನೆನ್ನುವ ಅವಕಾಶವನ್ನು ಹೆಸರಿಗೆ ಮಾತ್ರ ಕೊಡುತ್ತದೆ.

೬

ಒಟ್ಟಿನಲ್ಲಿ, 'ಹಾಫ್-ಲೈಫ್' ಆಟದಲ್ಲಿ ಕ್ಷಯಿಸಿದುದು ಅದರ ಯಂತ್ರಕೌಶಲ ಮತ್ತು ಯುದ್ಧ. ಉಳಿದುದು ಅದರ ಸ್ಥಳರಚನೆ, ಮೌನ ಮತ್ತು ಕರುಣ. ಒಮ್ಮೆ ಆಡಿ ಗೆದ್ದವನಿಗೆ ಅದು ಒಳ್ಳೆಯ ಆಟ; ಮರಳಿ ಬಂದು, ಕೊಲ್ಲಬೇಕಾಗಿರದವರನ್ನು ಕೊಲ್ಲದೆ ದಾಟಿಹೋದವನಿಗೆ ಅದು ಕಾವ್ಯದ ಹತ್ತಿರಕ್ಕೆ ಬರುತ್ತದೆ. ಇಂತಹ ಕೃತಿಗಳು ಸಾಹಿತ್ಯದ ತರಗತಿಯ ಬಾಗಿಲನ್ನು ತಟ್ಟುತ್ತಿರುವಾಗ, ಆಟವೆಂಬ ಕಾರಣಕ್ಕಾಗಿ ಅವನ್ನು ಹೊರಗಿಡುವುದೂ, ಹೊಸತೆಂಬ ಕಾರಣಕ್ಕಾಗಿ ತಲೆಯ ಮೇಲಿಡುವುದೂ ಸರಿಯಲ್ಲ. ಗೋಡೆಯ ಮೇಲಿನ ರಾಮಾಯಣಕ್ಕೂ ಸಾಂಗತ್ಯದ ವೀರನಿಗೂ ಯಾವ ಅಳತೆಯನ್ನು ಹಿಡಿಯಲಾಗುತ್ತದೆಯೋ ಅದೇ ಅಳತೆಯನ್ನು ಇವಕ್ಕೂ ಹಿಡಿದು, ಬಂದಷ್ಟು ಬೆಲೆಯನ್ನು ಕಟ್ಟುವುದು ಯುಕ್ತವಾದುದು.