ಅರ್ಥಾಧಿಕಾರಿಯ ಕಾವ್ಯ ಮತ್ತು ಇಬ್ಬರು ಶಿಷ್ಯರು

ಜೀವನೋಪಾಯಕ್ಕೆ ಒಂದು ಉದ್ಯೋಗ, ಅಂತರಂಗದ ತೃಪ್ತಿಗೆ ಒಂದು ಕಲೆ. ಈ ಎರಡನ್ನೂ ಹೊತ್ತು ನಡೆಯುವವರು ಶಿವಮೊಗ್ಗ ಸೀಮೆಯಲ್ಲಿ ಎಂದೂ ವಿರಳರಾಗಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು; 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಗೊಂಡಿತು. ಪಾಳಿ ಮುಗಿಸಿ ಬಂದು ಕವಿತೆ ಬರೆಯುವವರೂ ನಾಟಕದ ತಾಲೀಮಿಗೆ ನಿಲ್ಲುವವರೂ ಇಂಥ ಊರಿನಲ್ಲಿ ಸಹಜವಾಗಿಯೇ ಬೆಳೆದರು. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ ಈ ಪ್ರದೇಶದ ಕಲಾವಿದರಿಗೆ ಒಂದು ವೇದಿಕೆಯಾಯಿತು. ಶಿವಮೊಗ್ಗ ನಗರದ ಕಚೇರಿ, ಶಾಲೆ, ಅಂಗಡಿಗಳಲ್ಲಿಯೂ ಇಂಥವರಿದ್ದಾರೆ. ಇವರ ಬೆಳವಣಿಗೆ ಯಾವುದರಿಂದ ಮುಂದುವರಿಯುತ್ತದೆ, ಯಾವುದರಿಂದ ಕುಂಠಿತವಾಗುತ್ತದೆ ಎಂಬ ಪ್ರಶ್ನೆಯನ್ನು ಇದೇ ಜಿಲ್ಲೆಯಲ್ಲಿ ಒಂಬತ್ತೂವರೆ ಶತಮಾನಗಳ ಹಿಂದೆ ಬಾಳಿದ ಕವಿಯೊಬ್ಬನ ಕೃತಿಯ ಮುಂದಿಟ್ಟು ನೋಡುವುದು ಉಚಿತ. ಆ ಕೃತಿ ಶಾಂತಿನಾಥನ ‘ಸುಕುಮಾರ ಚರಿತೆ’.

ಶಾಂತಿನಾಥನು ಸ್ವತಃ ಉದ್ಯೋಗಸ್ಥ. ಚಾಳುಕ್ಯ ಚಕ್ರವರ್ತಿ ಭುವನೈಕಮಲ್ಲನ ಕಾಲದಲ್ಲಿ ಬನವಾಸಿ ನಾಡನ್ನು ಆಳುತ್ತಿದ್ದ ಲಕ್ಷ್ಮನೃಪನಲ್ಲಿ ಆತ ಅರ್ಥಾಧಿಕಾರಿಯಾಗಿದ್ದ. ಬಳ್ಳಿಗಾವೆಯ ಮರದ ಬಸದಿಯನ್ನು ಕಲ್ಲಿನಲ್ಲಿ ಕಟ್ಟಿಸಲು ಈತನೇ ಪ್ರೇರಕನಾದನೆಂದು 1068ರ ಶಾಸನ ತಿಳಿಸುತ್ತದೆ. ಆಯವ್ಯಯದ ಲೆಕ್ಕ ನೋಡುತ್ತಿದ್ದ ಕೈಯೇ ಚಂಪೂ ಕಾವ್ಯವನ್ನೂ ಬರೆಯಿತು. ಡಿ. ಎಲ್. ನರಸಿಂಹಾಚಾರ್ ಮತ್ತು ತ. ಸು. ಶಾಮರಾಯರು ಸಂಪಾದಿಸಿದ ಈ ಕಾವ್ಯವನ್ನು 1954ರಲ್ಲಿ ಶಿವಮೊಗ್ಗದ ಕರ್ನಾಟಕ ಸಂಘವೇ ಪ್ರಕಟಿಸಿದ್ದು ಅರ್ಥಪೂರ್ಣವಾಗಿದೆ. ಜಿಲ್ಲೆಯ ಕವಿಯನ್ನು ಜಿಲ್ಲೆಯ ಸಂಸ್ಥೆಯೇ ನಾಡಿನ ಕೈಗಿತ್ತಿತು.

ಕಾವ್ಯದ ಕಥಾವಸ್ತು ‘ವಡ್ಡಾರಾಧನೆ’ಯ ಮೊದಲ ಕಥೆಯದೇ. ಸುಕುಮಾರನು ಉಜ್ಜಯಿನಿಯ ಶ್ರೀಮಂತ ವರ್ತಕನ ಮಗ. ಸೇಸೆಯೊಡನೆ ಬಿದ್ದ ಬಿಳಿಯ ಸಾಸಿವೆಯೂ ಅವನ ಮೈಗೆ ಒತ್ತುತ್ತದೆ. ದೀಪದ ಹೊಗೆಗೆ ಅವನ ಕಣ್ಣಲ್ಲಿ ನೀರಾಡುತ್ತದೆ. ಅಂಥವನು ದೀಕ್ಷೆ ವಹಿಸಿ, ನೆತ್ತರು ಸೋರುವ ಅಂಗಾಲಿನಲ್ಲಿ ನಡೆದು, ಹೆಣ್ಣುನರಿ ತನ್ನ ಮರಿಗಳೊಡನೆ ಮೂರು ರಾತ್ರಿ ದೇಹವನ್ನು ತಿನ್ನುತ್ತಿದ್ದರೂ ಸಮಭಾವದಿಂದ ಕದಲುವುದಿಲ್ಲ. ಈ ಉಪಸರ್ಗದ ಪ್ರಸಂಗವನ್ನು ಎಲ್ಲರೂ ಸ್ಮರಿಸುತ್ತಾರೆ. ಪ್ರವಚನಗಳಲ್ಲಿಯೂ ಕೇಳಿಬರುವುದು ಇದೇ. ಆದರೆ ಈ ಕೊನೆಗೆ ಬೀಜ ಬಿದ್ದದ್ದು ಹಲವು ಜನ್ಮಗಳ ಹಿಂದೆ, ರಾಜಗೃಹದ ಒಂದು ಪಾಠದ ಮನೆಯಲ್ಲಿ. ಕಲಾವಿದನಾಗಿ ಬೆಳೆಯಬಯಸುವವನು ಮೊದಲು ಓದಬೇಕಾದದ್ದು ಆ ಭಾಗವನ್ನು.

ಕೌಶಾಂಬಿಯ ಪುರೋಹಿತ ಸೋಮಶರ್ಮನಿಗೆ ಇಬ್ಬರು ಮಕ್ಕಳು, ಅಗ್ನಿಭೂತಿ ಮತ್ತು ವಾಯುಭೂತಿ. ಇಬ್ಬರೂ ಓದಲಿಲ್ಲ. ತಂದೆ ತೀರಿಕೊಂಡ ಬಳಿಕ ಪದವಿ ಅನ್ಯರ ಪಾಲಾಯಿತು. ತಾಯಿ ಅವರನ್ನು ರಾಜಗೃಹದಲ್ಲಿದ್ದ ತನ್ನ ಸೋದರ ಸೂರ್ಯಮಿತ್ರನಲ್ಲಿಗೆ ಕಳುಹಿಸಿದಳು. ಆತ ತನಗೆ ಸೋದರಿಯೇ ಇಲ್ಲವೆಂದ. ಆಟಪಾಟ ಬಿಟ್ಟು ಭಿಕ್ಷೆ ಬೇಡಿ ಉಂಡು ಓದುವುದಾದರೆ ಕಲಿಸುವೆನೆಂದ. ಹುಡುಗರು ಹಾಗೆಯೇ ವರ್ಷಗಟ್ಟಲೆ ಕಲಿತು ಪಂಡಿತರಾದರು. ಊರಿಗೆ ಹೊರಡುವಾಗ ಸೂರ್ಯಮಿತ್ರನು ತಾನು ಅವರ ಸೋದರಮಾವನೇ ಎಂದು ತಿಳಿಸಿ, ನಂಟು ತೋರಿದ್ದರೆ ನೀವು ಕಲಿಯುತ್ತಿರಲಿಲ್ಲವೆಂದು ಕಾರಣ ಹೇಳಿದ. ಅಗ್ನಿಭೂತಿ ಉಪಕಾರ ನೆನೆದ. ವಾಯುಭೂತಿ ಹಗೆ ಹಿಡಿದ.

ಇಲ್ಲಿಯೇ ಕಾವ್ಯದ ಮರ್ಮವಿದೆ. ಇಬ್ಬರದೂ ಒಂದೇ ಗುರು, ಒಂದೇ ಪಾಠ, ಒಂದೇ ಭಿಕ್ಷಾನ್ನ. ಪ್ರತಿಭೆಯಲ್ಲಿ ಅವರಿಗೆ ವ್ಯತ್ಯಾಸ ಹೇಳಿಲ್ಲ. ಊರಿಗೆ ಮರಳಿ ಇಬ್ಬರೂ ತಂದೆಯ ಪದವಿಯನ್ನು ಪಡೆದರು. ಲೋಕದ ದೃಷ್ಟಿಯಲ್ಲಿ ಇಬ್ಬರದೂ ಸಮನಾದ ಯಶಸ್ಸು. ಆದರೂ ಒಬ್ಬನು ಮುಂದೆ ಮುನಿಯಾದ; ಇನ್ನೊಬ್ಬನು ಮುನಿಯಾಗಿ ಬಂದ ಗುರುವನ್ನೇ ನಿಂದಿಸಿದ, ಅತ್ತಿಗೆಯನ್ನು ಒದ್ದ, ಅವಳ ನಿದಾನಕ್ಕೆ ಗುರಿಯಾದ. ಸುಕುಮಾರನ ಕಾಲನ್ನು ತಿಂದ ನರಿ ಆ ಅತ್ತಿಗೆಯ ಜೀವವೇ. ಭೇದವೆಲ್ಲ ಪಡೆದ ಕಷ್ಟವನ್ನು ಮನಸ್ಸು ಯಾವ ಬಾಬಿಗೆ ಬರೆದುಕೊಂಡಿತೆಂಬುದರಲ್ಲಿದೆ. ಅಗ್ನಿಭೂತಿ ಅದನ್ನು ಗಳಿಕೆಯೆಂದು ಬರೆದುಕೊಂಡ. ವಾಯುಭೂತಿ ಬಾಕಿಯೆಂದು ಬರೆದುಕೊಂಡು ಬಡ್ಡಿ ಏರಿಸುತ್ತ ಹೋದ. ಮಾನಕಷಾಯವು ಕ್ರೋಧಕಷಾಯವನ್ನು ಹೆರುವ ಬಗೆಯನ್ನು ಇಷ್ಟು ಸರಳವಾಗಿ ತೋರಿಸಿದ ಕಥೆ ಅಪರೂಪ.

ವಾಯುಭೂತಿಯ ಪಕ್ಷದಲ್ಲಿ ಹೇಳಬಹುದಾದ ಮಾತೂ ಇದೆ. ಸೂರ್ಯಮಿತ್ರನು ಸುಳ್ಳಾಡಿದ್ದು ನಿಜ. ಒಳ್ಳೆಯ ಉದ್ದೇಶದ ಸುಳ್ಳು ಸುಳ್ಳಲ್ಲವೇ ಎಂದು ಸತ್ಯಾಣುವ್ರತವನ್ನು ಬಲ್ಲ ಓದುಗನು ಕೇಳದಿರಲಾರ. ಆಗ ಆತ ಇನ್ನೂ ವ್ರತಿಯಾಗಿರಲಿಲ್ಲ ಎಂಬುದು ಅರ್ಧ ಉತ್ತರ ಮಾತ್ರ. ಮನೆಯಲ್ಲಿ ಅನ್ನವಿದ್ದೂ ಬಾಲಕರು ಬೀದಿಯಲ್ಲಿ ಬೇಡಿದರಲ್ಲ ಎಂಬ ಕೊರಗು ಉಳಿದೇ ಉಳಿಯುತ್ತದೆ. ಆದರೆ ಕಥೆ ಒಂದು ಮಿತಿಯನ್ನು ಹಾಕಿದೆ. ಕಲಿಕೆ ಮುಗಿದ ದಿನವೇ ಗುರು ತನ್ನ ಕಾಠಿಣ್ಯದ ಲೆಕ್ಕವನ್ನು ಶಿಷ್ಯರಿಗೆ ಒಪ್ಪಿಸಿದ. ಕಾರಣ ಹೇಳಲಾರದ ನಿಷ್ಠುರತೆಗೆ, ಶಿಷ್ಯನನ್ನು ಎಂದೆಂದಿಗೂ ಕೆಳಗಿರಿಸುವ ಗದರಿಕೆಗೆ ಈ ಕಥೆಯಲ್ಲಿ ಸಮರ್ಥನೆ ಇಲ್ಲ.

ಇನ್ನೊಂದು ಸೂಕ್ಷ್ಮ. ಹೀನ ಜನ್ಮಗಳನ್ನು ದಾಟಿ ವಾಯುಭೂತಿಯ ಜೀವ ಚಂಪಾನಗರದಲ್ಲಿ ನಾಗಶ್ರೀಯೆಂಬ ಬಾಲೆಯಾಗಿ ಹುಟ್ಟುತ್ತದೆ. ಸೂರ್ಯಮಿತ್ರ ಮುನಿಗಳು ಅವಳ ಪೂರ್ವಜನ್ಮದ ಹೆಸರು ಹಿಡಿದು ಕರೆದಾಗ ಅವಳು ಅಂದಿನ ವಿದ್ಯೆಯನ್ನೆಲ್ಲ ಒಪ್ಪಿಸುತ್ತಾಳೆ. ವಿದ್ಯೆ ಎಲ್ಲಿಯೂ ನಷ್ಟವಾಗಿರಲಿಲ್ಲ. ಅದು ಜೀವನನ್ನು ಅಧೋಗತಿಯಿಂದ ಕಾಪಾಡಲೂ ಇಲ್ಲ. ಕೌಶಲವೇ ಬೆಳವಣಿಗೆ ಎಂದು ಭಾವಿಸುವವರಿಗೆ ಇದು ಎಚ್ಚರಿಕೆ. ಎತ್ತಿ ಹಿಡಿದದ್ದು ಆ ಬಾಲೆ ಸ್ವೀಕರಿಸಿದ ಅಣುವ್ರತಗಳು.

ಇಂದಿನ ಬರಹಗಾರರ ಬಳಗಗಳನ್ನು ಈ ಬೆಳಕಿನಲ್ಲಿ ನೋಡಿದರೆ ಕೊರತೆ ಕಾಣುತ್ತದೆ. ಮೊದಲ ಸಂಕಲನಕ್ಕೆ ಹಿರಿಯರ ಮುನ್ನುಡಿ ಬೇಕು. ಮುನ್ನುಡಿಯಲ್ಲಿ ಹೊಗಳಿಕೆಯೇ ಇರಬೇಕು. ಒಂದು ಪದ್ಯ ಸಡಿಲವಾಗಿದೆಯೆಂದರೆ ಸ್ನೇಹ ಮುರಿಯುತ್ತದೆ. ಹಗಲೆಲ್ಲ ದುಡಿದು ರಾತ್ರಿ ಬರೆದವನಿಗೆ ಮೆಚ್ಚುಗೆಯ ಹಸಿವು ಹೆಚ್ಚಾಗಿರುವುದು ಸಹಜ. ಆದರೆ ನಂಟಿನ ಅನ್ನದಿಂದ ಕವಿ ಬೆಳೆಯಲಾರ. ತತ್ತ್ವಾರ್ಥಸೂತ್ರವು ಸ್ವಾಧ್ಯಾಯಕ್ಕೆ ಹೇಳುವ ಐದು ಅಂಗಗಳು ಇಂಥವರಿಗೆ ಸಾಕಷ್ಟು ಮಾರ್ಗದರ್ಶಕ: ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಓದುವುದು, ಬಲ್ಲವರನ್ನು ಕೇಳುವುದು, ಕೇಳಿದ್ದನ್ನು ಮನನ ಮಾಡುವುದು, ಶುದ್ಧವಾಗಿ ಪುನರಾವರ್ತಿಸುವುದು, ಇವೆಲ್ಲ ಆದ ಬಳಿಕ ಪರರಿಗೆ ಹೇಳುವುದು. ಕೊನೆಯದನ್ನೇ ಮೊದಲು ಮಾಡುವ ಆತುರ ಇಂದಿನದು. ಎರಡನೆಯದಾದ ಪೃಚ್ಛನೆಗೆ ವಿನಯ ಬೇಕಾದ್ದರಿಂದ ಅದು ಎಲ್ಲಕ್ಕಿಂತ ಕಷ್ಟ.

ಶಾಂತಿನಾಥನ ಕಾವ್ಯ ನಿರ್ದೋಷವೇನೂ ಅಲ್ಲ. ಸಂಪ್ರದಾಯದ ವರ್ಣನೆಗಳು ಕಥೆಯ ನಡಿಗೆಯನ್ನು ಹಲವೆಡೆ ತಡೆಯುತ್ತವೆ. ‘ವಡ್ಡಾರಾಧನೆ’ಯ ಗದ್ಯ ನಾಲ್ಕು ಮಾತಿನಲ್ಲಿ ಮನಸ್ಸಿಗೆ ನಾಟಿಸುವುದನ್ನು ಚಂಪುವಿನ ಅಲಂಕಾರ ಮಸುಕುಗೊಳಿಸುವುದೂ ಉಂಟು. ‘ಸರಸ್ವತೀಮುಖಮುಕುರ’ನೆಂದು ಬಿರುದು ಪಡೆದವನಿಗೂ ಸೂರ್ಯಮಿತ್ರನಂಥ ಓದುಗನೊಬ್ಬ ಪಕ್ಕದಲ್ಲಿದ್ದರೆ ಒಳ್ಳೆಯದಿತ್ತೆನಿಸುತ್ತದೆ. ಹಾಗಿದ್ದೂ ಅಧಿಕಾರ, ಧನ, ಬಿರುದುಗಳ ನಡುವೆ ಇದ್ದವನು ಸುಖದಲ್ಲೇ ಮುಳುಗಿದ್ದ ವರ್ತಕಪುತ್ರನ ಎಚ್ಚರದ ಕಥೆಯನ್ನು ಆರಿಸಿಕೊಂಡದ್ದೇ ಅವನ ಅಂತರಂಗಕ್ಕೆ ಸಾಕ್ಷಿ.

ಅಂದಿನ ರಾಜಧಾನಿ ಬಳ್ಳಿಗಾವೆ ಇಂದು ಶಿಕಾರಿಪುರ ತಾಲ್ಲೂಕಿನ ಒಂದು ಗ್ರಾಮ. ಅರ್ಥಾಧಿಕಾರಿಯ ಪದವಿ ಯಾರಿಗೂ ನೆನಪಿಲ್ಲ. ಭದ್ರಾವತಿಯ ಕಾಗದದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳೇ ಸಂದಿವೆ. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಆರಂಭದಲ್ಲಿ ಹೊರಬಿದ್ದಾಗ ಊರೇ ತಲ್ಲಣಿಸಿತು. ಉದ್ಯೋಗ ಕಳೆದುಕೊಂಡವನ ಮನೆಯ ಕಷ್ಟಕ್ಕೆ ಕಾವ್ಯವು ಪರಿಹಾರವಾಗದು. ಹಾಗೆಂದು ಹೇಳುವುದು ಕ್ರೂರವಾದೀತು. ಆದರೆ ಆ ಕಷ್ಟವನ್ನು ಹಗೆಯಾಗಿ ಕೂಡಿಡದೆ ಕಲಿಕೆಯಾಗಿ ಬರೆದುಕೊಳ್ಳುವ ಅಭ್ಯಾಸ, ಕೆಲಸವಿದ್ದ ದಿನಗಳಲ್ಲಿಯೇ, ಸಣ್ಣ ಟೀಕೆಯೊಂದನ್ನು ಸಹಿಸುವುದರಿಂದ ಆರಂಭವಾಗಬೇಕು. ನರಿಯ ಮುಂದೆ ಕದಲದ ಸ್ಥೈರ್ಯ ಒಂದು ರಾತ್ರಿಯ ಗಳಿಕೆಯಲ್ಲ.