ಗುಳೆ ಹೋಗುವವರ ಪೌರನೀತಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಗುಳೆ ಹೋಗುವುದು ಬರಗಾಲದ ವರ್ಷಕ್ಕಷ್ಟೇ ಸೀಮಿತವಾದ ಸಂಗತಿಯಲ್ಲ. ಹೊಲಗಳು ಬಹುಪಾಲು ಮಳೆಯನ್ನೇ ನಂಬಿವೆ. ಶೇಂಗಾ, ಮೆಕ್ಕೆಜೋಳದ ಸುಗ್ಗಿ ಮುಗಿಯಿತೆಂದರೆ ಊರಲ್ಲಿ ಕೂಲಿ ಸಿಗುವುದು ಕಷ್ಟ. ಆಗ ತಾಂಡಾಗಳಿಂದ, ಕೇರಿಗಳಿಂದ ಕುಟುಂಬಗಳು ಕಾಫಿ ಸೀಮೆಗೆ, ಮಂಡ್ಯ ಕಡೆಯ ಕಬ್ಬಿನ ಗದ್ದೆಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ಇವರು ಹುಟ್ಟಿನಿಂದಲೇ ಭಾರತದ ಪೌರರು. ದೇಶದ ಯಾವ ಮೂಲೆಗಾದರೂ ಹೋಗಿ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಆದರೂ ಊರ ಗಡಿ ದಾಟಿದ ಮೇಲೆ ಆ ಪೌರತ್ವ ಪಡಿತರ ಅಂಗಡಿಯಲ್ಲಿ, ಶಾಲೆಯಲ್ಲಿ, ಮತಗಟ್ಟೆಯಲ್ಲಿ ನಡೆಯಬೇಕಾದರೆ ಒಂದಿಷ್ಟು ತಿಳಿವಳಿಕೆ ಬೇಕೇ ಬೇಕು. ಅದನ್ನು ಕಲಿಸಲು ಸರ್ಕಾರ ನಡೆಸುವ ಅರಿವು ಕಾರ್ಯಕ್ರಮಗಳು ಕಾಳಜಿಯಿಂದ ಹುಟ್ಟಿದವು, ಅದರಲ್ಲಿ ಅನುಮಾನವಿಲ್ಲ. ಆದರೆ ಅವು ವರ್ಷವಿಡೀ ಒಂದೇ ಊರಲ್ಲಿ ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡಿವೆ.

ಈ ಸೀಮೆಯ ಜನಕ್ಕೆ ನಾಗರಿಕ ವಿಷಯಗಳು ತಲೆಗೆ ಹತ್ತುವುದಿಲ್ಲ ಎನ್ನುವ ಮಾತಿಗೆ ಆಧಾರವಿಲ್ಲ. 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದಲ್ಲಿದ್ದ ಈ ನೆಲ ಅಂದು ಮೈಸೂರಿಗೆ ಸೇರಿತು. ಹರಪನಹಳ್ಳಿಯಂತೂ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. 2018ರ ಮರುಸೇರ್ಪಡೆಯ ಹಿಂದೆ, ಈ ಭಾಗಕ್ಕೆ ಶಿಕ್ಷಣ, ಉದ್ಯೋಗದಲ್ಲಿ ಮೀಸಲಾತಿ ಕೊಡುವ 371(ಜೆ) ವಿಧಿಯ ಸೌಲಭ್ಯಕ್ಕಾಗಿ ನಡೆದ ಹೋರಾಟವಿತ್ತು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯನ್ನು ಇಲ್ಲಿನ ಕಾಲೇಜು ಹುಡುಗರು ಸಂಖ್ಯೆಯ ಸಮೇತ ಬಲ್ಲರು. ಅರ್ಹತಾ ಪ್ರಮಾಣಪತ್ರಕ್ಕೆ ಉಪವಿಭಾಗಾಧಿಕಾರಿ ಕಚೇರಿಗೆ ಹೋಗಬೇಕು, ಇಂಥಿಂಥ ದಾಖಲೆ ಲಗತ್ತಿಸಬೇಕು ಎಂಬುದೂ ಅವರಿಗೆ ಬಾಯಿಪಾಠ. ಅರ್ಜಿ, ಕಚೇರಿ, ಕೈಗೆ ಸಿಗುವ ಫಲ ಮೂರೂ ಸ್ಪಷ್ಟವಾಗಿದ್ದಲ್ಲಿ ಕಾನೂನು ಜನರ ಮಾತಾಗುತ್ತದೆ. ಗುಳೆ ಹೋಗುವವರಿಗೆ ಬೇಕಾದ ಕಾನೂನಿಗೆ ಅಂಥ ಭಾಗ್ಯ ಬಂದಿಲ್ಲ.

2021ರ ಮಾರ್ಚ್‌ನಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆ ಆರಂಭಿಸಿದ ‘ದುಡಿಯೋಣ ಬಾ’ ಅಭಿಯಾನ ಈ ಕೊರತೆಗೆ ಒಳ್ಳೆಯ ನಿದರ್ಶನ. ಬೇಸಿಗೆಯಲ್ಲಿ ಊರಲ್ಲೇ ನರೇಗಾ ಉದ್ಯೋಗ ಖಾತ್ರಿಯ ಕೆಲಸ ಕೊಟ್ಟು ಗುಳೆ ತಪ್ಪಿಸುವುದು ಅದರ ಗುರಿಯಾಗಿತ್ತು. ಹೆಸರಿನಲ್ಲೇ ಕರೆಯುವ ದನಿ ಇದೆ, ಅದು ಮೆಚ್ಚಬೇಕಾದ ಸಂಗತಿ. ಕೂಲಿಕಾರರ ಗುಂಪಿನೊಳಗಿನವರನ್ನೇ ಕಾಯಕ ಬಂಧುಗಳಾಗಿ ಮಾಡಿದ್ದು, 2023ರಲ್ಲಿ ‘ಕೂಸಿನ ಮನೆ’ ತೆರೆದು ತಾಯಂದಿರಿಗೆ ದಾರಿ ಸುಲಭ ಮಾಡಿದ್ದು ಇನ್ನೂ ದೊಡ್ಡ ಕೆಲಸ. ತಪ್ಪಿದ್ದು ಕಾಲ. ಕಾಫಿ ಕೊಯ್ಲು ನವೆಂಬರ್–ಡಿಸೆಂಬರ್ ಹೊತ್ತಿಗೇ ಶುರುವಾಗುತ್ತದೆ. ಮಾರ್ಚ್‌ನಲ್ಲಿ ಗೋಡೆಗೆ ಬರೆಸಿದ ಘೋಷಣೆಯನ್ನು ಓದಬೇಕಾದವರು ಅಷ್ಟರಲ್ಲಿ ಊರು ಬಿಟ್ಟು ತಿಂಗಳುಗಳೇ ಆಗಿರುತ್ತವೆ.

ಅಭಿಯಾನದ ಒಳಗಿನ ಪಾಠದಲ್ಲೂ ಕೊರತೆ ಇತ್ತು. ನರೇಗಾದಡಿ ವರ್ಷಕ್ಕೆ 100 ದಿನ ಕೆಲಸ, 2025–26ರಲ್ಲಿ ದಿನಕ್ಕೆ 370 ರೂಪಾಯಿ ಕೂಲಿ ಎಂಬುದನ್ನು ಕರಪತ್ರ ಹೇಳಬಹುದಿತ್ತು. ಆದರೆ ಕೆಲಸ ಕೇಳುವ ಅರ್ಜಿಯಾದ ನಮೂನೆ 6 ತುಂಬಿ ಕೊಟ್ಟಾಗ ದಿನಾಂಕವಿರುವ ಸ್ವೀಕೃತಿ ರಶೀದಿಯನ್ನು ಕೇಳಿ ಪಡೆಯಬೇಕು ಎಂಬುದೇ ಇಡೀ ಕಾಯ್ದೆಯ ಬೀಗದ ಕೈಯಾಗಿತ್ತು. ರಶೀದಿ ಇದ್ದರೆ 15 ದಿನದೊಳಗೆ ಕೆಲಸ ಸಿಗಬೇಕಿತ್ತು, ಇಲ್ಲವಾದರೆ ನಿರುದ್ಯೋಗ ಭತ್ಯೆ ಕೇಳಬಹುದಿತ್ತು. ರಶೀದಿ ಇಲ್ಲದಿದ್ದರೆ ಅರ್ಜಿ ಕೊಟ್ಟದ್ದಕ್ಕೇ ಪುರಾವೆ ಇರುತ್ತಿರಲಿಲ್ಲ. ಕೈಯಗಲದ ಆ ಚೀಟಿಯನ್ನು ಮುಂದಿಟ್ಟು ಕಲಿಸಬೇಕಾದಲ್ಲಿ ಯೋಜನೆಯ ಹೆಸರನ್ನು ಕಲಿಸಲಾಯಿತು. 2025ರ ಡಿಸೆಂಬರ್‌ನಲ್ಲಿ ನರೇಗಾ ಜಾಗಕ್ಕೆ 125 ದಿನಗಳ ಹೊಸ ಕಾಯ್ದೆ ಬಂದಿರುವುದರಿಂದ ಪಾಠವನ್ನು ಹೇಗೂ ಹೊಸದಾಗಿ ಬರೆಯಬೇಕಾಗಿದೆ. ಈ ಸಲ ಚೀಟಿಯಿಂದಲೇ ಆರಂಭಿಸಬಹುದು.

ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿಯೂ ನಮೂನೆ 6 ಎಂಬುದು ಕಾಕತಾಳೀಯ. ಅಲ್ಲಿನ ಅಜ್ಞಾನಕ್ಕೆ ತೆರುವ ಬೆಲೆಯಂತೂ ಹೆಚ್ಚು. ಮನೆಗೆ ಬೀಗ ಬಿದ್ದಿರುವಾಗ ಪರಿಶೀಲನೆ ನಡೆದರೆ ‘ಊರಲ್ಲಿಲ್ಲ’ ಎಂಬ ಷರಾ ಬೀಳುವ ಅಪಾಯವಿದೆ. 1950ರ ಜನಪ್ರಾತಿನಿಧ್ಯ ಕಾಯ್ದೆಯ 20ನೇ ಪ್ರಕರಣ ಮಾತ್ರ, ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಯಾರೂ ಅಲ್ಲಿನ ಸಾಮಾನ್ಯ ನಿವಾಸಿಯಲ್ಲ ಎಂದಾಗುವುದಿಲ್ಲ ಎನ್ನುತ್ತದೆ. ಮತದಾನದ ದಿನ ಸಂಬಳ ಸಹಿತ ರಜೆ ದಿನಗೂಲಿಯವರಿಗೂ ಉಂಟು. ಈ ಎರಡು ಮಾತುಗಳನ್ನು ತಾಂಡಾದ ಮುಖಂಡರಾದ ನಾಯಕ, ಕಾರಬಾರಿಗಳಿಗೆ ಮುಟ್ಟಿಸಿದರೆ ಎಷ್ಟೋ ಹೆಸರುಗಳು ಪಟ್ಟಿಯಲ್ಲಿ ಉಳಿದಾವು.

ಸರ್ಕಾರ ಬಿಟ್ಟ ಜಾಗದಲ್ಲಿ ಪಾಠ ಹೇಳುವವನು ಕೂಲಿಗೆ ಕರೆದೊಯ್ಯುವ ಮೇಸ್ತ್ರಿ. ಎಲ್ಲಿಗೆ ಹೋಗಬೇಕು, ಎಷ್ಟು ಮುಂಗಡ, ಯಾವಾಗ ಮರಳಬಹುದು ಎಲ್ಲವೂ ಅವನ ಬಾಯಿಂದಲೇ. ಮುಂಗಡ ತೀರುವವರೆಗೆ ಜಾಗ ಬಿಟ್ಟು ಕದಲಬಾರದೆಂಬ ಕಟ್ಟು 1976ರ ಜೀತಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಅಪರಾಧ ಎಂಬುದನ್ನು ಅವನು ಹೇಳಲಾರ. ಕಾನೂನೂ ಇಲ್ಲಿ ಅರ್ಧ ದಾರಿಗೆ ಕೈಬಿಟ್ಟಿದೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1979ರ ವಲಸೆ ಕಾರ್ಮಿಕರ ಕಾಯ್ದೆ ರಾಜ್ಯದ ಗಡಿ ದಾಟಿದವರಿಗೆ ಮಾತ್ರ ಅನ್ವಯಿಸುತ್ತಿತ್ತು. ಹಡಗಲಿಯಿಂದ ಚಿಕ್ಕಮಗಳೂರಿಗೆ ಹೋದವರು ಅದರ ಲೆಕ್ಕದಲ್ಲಿ ವಲಸಿಗರೇ ಆಗಿರಲಿಲ್ಲ. ಇರುವ ಆಸರೆಗಳೂ ತಿಳಿದವರಿಗಷ್ಟೇ ದಕ್ಕುತ್ತವೆ: ಕಾರ್ಡು ಊರಲ್ಲೇ ಇದ್ದರೂ ಬೆಂಗಳೂರಿನ ಪಡಿತರ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ತಮ್ಮ ಪಾಲಿನ ಅಕ್ಕಿ ಪಡೆಯಬಹುದು, 90 ದಿನ ಕಟ್ಟಡ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು.

ಬ್ರಿಟನ್ನಿನಲ್ಲಿ ಪೌರತ್ವ ಬಯಸುವ ವಲಸಿಗರಿಗೆ 2005ರಿಂದ ಪರೀಕ್ಷೆ ಇದೆ. 45 ನಿಮಿಷದಲ್ಲಿ 24 ಪ್ರಶ್ನೆ, 18ಕ್ಕೆ ಸರಿಯುತ್ತರ ಬರಬೇಕು. ಅದರ ಇತಿಹಾಸದ ಪ್ರಶ್ನೆಗಳ ಬಗ್ಗೆ ಅಲ್ಲಿಯೇ ಟೀಕೆ ಇದೆ. ಆದರೂ ಏನು ಓದಬೇಕೆಂಬುದಕ್ಕೆ ಅಧಿಕೃತವಾದ ಒಂದೇ ಕೈಪಿಡಿ ಇರುವುದು ಅದರ ಹೆಚ್ಚುಗಾರಿಕೆ. ಇಲ್ಲಿ ಪಡಿತರಕ್ಕೊಂದು ಇಲಾಖೆ, ಮತಕ್ಕೊಂದು, ಕೂಲಿಗೊಂದು, ಶಾಲೆಗೊಂದು. ನಾಲ್ಕನ್ನೂ ಒಟ್ಟುಗೂಡಿಸಿದ ತೆಳ್ಳನೆಯ ಪುಸ್ತಿಕೆ, ಜೊತೆಗೆ ಓದು ಬಾರದವರಿಗಾಗಿ ಲಂಬಾಣಿಯಲ್ಲೂ ಕನ್ನಡದಲ್ಲೂ ಧ್ವನಿಮುದ್ರಣ ಸಿದ್ಧವಾಗಬೇಕು. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಅದನ್ನು ಹಂಚುವ ಕಾಲ ದೀಪಾವಳಿಯ ಆಸುಪಾಸು, ಮೂಟೆ ಕಟ್ಟುವ ಮುಂಚೆ. ಮೈಲಾರದ ಕಾರಣಿಕ, ಕೊಟ್ಟೂರೇಶ್ವರನ ರಥೋತ್ಸವಗಳಿಗೆ ಹೊರಗಿದ್ದವರೂ ಬಂದು ಸೇರುವುದರಿಂದ ಆ ಜಾತ್ರೆಗಳಲ್ಲಿ ಮಳಿಗೆ ಹಾಕಿದರೆ ಉಳಿದವರಿಗೂ ತಲುಪುತ್ತದೆ.

ಊರಲ್ಲಿ ಕಲಿತದ್ದು ದುಡಿಯುವ ಜಾಗದಲ್ಲಿ ನಡೆಯಬೇಕಾದರೆ ಅಲ್ಲಿನವರಿಗೂ ಅದು ಗೊತ್ತಿರಬೇಕು. ವರ್ಗಾವಣೆ ಪತ್ರ ತಡವಾಯಿತೆಂದು ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಪ್ರಕರಣ ಹೇಳುತ್ತದೆ. ಹರಪನಹಳ್ಳಿಯ ತಾಯಿಗೆ ಇದು ತಿಳಿದಿದ್ದು, ಎಸ್ಟೇಟಿನ ಪಕ್ಕದ ಶಾಲೆಯ ಮುಖ್ಯೋಪಾಧ್ಯಾಯರಿಗೆ ತಿಳಿಯದಿದ್ದರೆ ಮಗು ಕಾರ್ಮಿಕರ ಲೈನ್ ಮನೆಯಲ್ಲೇ ಉಳಿಯುತ್ತದೆ. ಅರಿವು ಕಾರ್ಯಕ್ರಮದ ಅರ್ಧ ಹಣ, ಅರ್ಧ ಸಿಬ್ಬಂದಿ ಆ ತುದಿಯಲ್ಲಿ ಕೆಲಸ ಮಾಡಬೇಕು.